ಯಾವ ವಾರ್ಡು? ಶುಶ್ರೂಷೆಯ ಕಸುಬಿನಲ್ಲಿ ಆಯ್ಕೆಯ ಚರಿತ್ರೆ

ಕಳೆದ ಚಳಿಗಾಲದ ಒಂದು ಭಾನುವಾರ ದೆಹಲಿಯ ನಮ್ಮ ಓದು ಬಳಗದ ಸಭೆಗೆ ಕೊಪ್ಪಳ ಜಿಲ್ಲೆಯ ಯುವತಿಯೊಬ್ಬಳು ಬಂದಿದ್ದಳು. ಕರ್ನಾಟಕದಲ್ಲಿ ನಾಲ್ಕು ವರ್ಷದ ನರ್ಸಿಂಗ್ ಪದವಿ ಮುಗಿಸಿ, ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು, ರಾಜಧಾನಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್ ಆಗಿ ಸೇರಿ ಮೂರು ವರ್ಷವಾಗಿತ್ತು. ಚಹಾದ ಹೊತ್ತಿಗೆ ಆಕೆ ಚೀಲದಿಂದ ಒಂದು ಅರ್ಜಿ ನಮೂನೆಯನ್ನು ಹೊರತೆಗೆದಳು. ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಅಧ್ಯಯನ ರಜೆ ಕೋರುವ ಅರ್ಜಿ ಅದು. ತೀವ್ರ ನಿಗಾ, ಹೃದಯ ಮತ್ತು ಎದೆ, ಶಸ್ತ್ರಚಿಕಿತ್ಸಾ ಕೊಠಡಿ, ನವಜಾತ ಶಿಶು, ಕ್ಯಾನ್ಸರ್, ಮನೋರೋಗ ಎಂದು ಹತ್ತಕ್ಕೂ ಹೆಚ್ಚು ವಿಭಾಗಗಳ ಹೆಸರು ಅದರಲ್ಲಿದ್ದವು. "ಯಾವುದಕ್ಕೆ ಗುರುತು ಹಾಕಲಿ?" ಎಂದು ಕೇಳಿದಳು.

ಕೇಳಿದ್ದು ಒಬ್ಬರನ್ನು, ಉತ್ತರ ಕೊಟ್ಟವರು ಎಲ್ಲರೂ. ಐಸಿಯು ತೆಗೆದುಕೋ, ವಿದೇಶಕ್ಕೆ ಹೋಗಲು ಅದೇ ಹೆದ್ದಾರಿ ಎಂದರು ಒಬ್ಬರು. ಥಿಯೇಟರು ತೆಗೆದುಕೋ, ರಾತ್ರಿ ಪಾಳಿ ಕಡಿಮೆ ಎಂದರು ಇನ್ನೊಬ್ಬರು. ಶಿಶು ವಿಭಾಗ ಹೆಣ್ಣುಮಕ್ಕಳಿಗೆ ಒಗ್ಗುತ್ತದೆ ಎಂದರು ಮತ್ತೊಬ್ಬರು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಆಕೆ, "ನನಗೆ ಮನೋರೋಗ ವಿಭಾಗದ ಮೇಲೆ ಮನಸ್ಸಿದೆ" ಎಂದಳು. ಕೋಣೆ ಒಂದು ಕ್ಷಣ ಸುಮ್ಮನಾಯಿತು. "ಅದು ಬೇಡಮ್ಮ, ಅಲ್ಲಿಗೆ ಗಂಡಸರು ಬೇಕು" ಎಂಬ ಮಾತು ಬಂತು. ಆ ಮಾತನ್ನು ಆಡಿದವರಲ್ಲಿ ನಾವೂ ಒಬ್ಬರು.

ಮನೆಗೆ ಮರಳುವ ಮೆಟ್ರೋದಲ್ಲಿ ಆ ಮಾತು ನಮ್ಮನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಬದುಕಿದ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಇಂದು ಸಹಜವೆಂದು ತೋರುವ ಪ್ರತಿಯೊಂದು ಹುದ್ದೆಯ ಹಿಂದೆ ಎಂದೋ ಯಾರೋ ಬರೆದ ಒಂದು ಟಿಪ್ಪಣಿ ಇರುತ್ತದೆ. ನಾವು ಆ ಸಂಜೆ ಧಾರಾಳವಾಗಿ ಹಂಚಿದ ಸಲಹೆಗಳಿಗೂ ಅಂಥ ಟಿಪ್ಪಣಿಗಳಿರಬೇಕು. ಹೆರಿಗೆ ಹೆಣ್ಣಿನದು, ಹುಚ್ಚಾಸ್ಪತ್ರೆ ಗಂಡಿನದು, ಯಂತ್ರವಿರುವ ಕಡೆ ಗೌರವ ಹೆಚ್ಚು ಎಂದು ನಿರ್ಧರಿಸಿದವರು ಯಾರು? ಮುಂದಿನ ಕೆಲವು ವಾರ ಬಿಡುವು ಸಿಕ್ಕಾಗಲೆಲ್ಲ ನಾವು ಓದಿದ್ದು ಇದನ್ನೇ. ಓದಿನಿಂದ ತಿಳಿದದ್ದನ್ನು ಇಲ್ಲಿ ಜೋಡಿಸಿ ಇಡುತ್ತಿದ್ದೇವೆ.

ವಿಶೇಷ ತರಬೇತಿ ಎಂಬುದು ಸಾಮಾನ್ಯ ತರಬೇತಿಯ ನಂತರ ಬರುವ ಮೆಟ್ಟಿಲು ಎಂದು ಇಂದು ನಾವು ತಿಳಿಯುತ್ತೇವೆ. ಚರಿತ್ರೆ ನಡೆದದ್ದು ಬೇರೆ ರೀತಿಯಲ್ಲಿ. ನಮ್ಮ ನಾಡಿನಲ್ಲಿ 'ನರ್ಸ್' ಎಂಬ ಕಸುಬು ಹುಟ್ಟುವುದಕ್ಕೆ ಬಹು ಮೊದಲೇ ವಿಶೇಷಜ್ಞೆ ಇದ್ದಳು. ಸೂಲು ಎಂದರೆ ಹೆರಿಗೆ; ಸೂಲಗಿತ್ತಿ ಎಂದರೆ ಆ ಒಂದು ವಿದ್ಯೆಯನ್ನೇ ಬಲ್ಲವಳು. ಅವಳಿಗೆ ಶಾಲೆಯಿರಲಿಲ್ಲ, ಅಜ್ಜಿಯ ಕೈ ನೋಡಿ ಕಲಿತವಳು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದರು. 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರನ್ನು ಯಾವ ಪರಿಷತ್ತಿನ ದಾಖಲೆಯೂ ವಿಶೇಷಜ್ಞೆ ಎಂದು ಕರೆಯಲಿಲ್ಲ. ನಮ್ಮ ಇನ್ನೊಂದು ಪದ 'ದಾದಿ' ಸಂಸ್ಕೃತದ 'ಧಾತ್ರಿ'ಯ ತದ್ಭವ. ಮೂಲತಃ ಹಾಲೂಡಿಸಿ ಸಾಕುವವಳು ಎಂದರ್ಥ. ಮುಂದೆ ಆಸ್ಪತ್ರೆಯಲ್ಲಿ ಬಿಳಿಯುಡುಪು ತೊಟ್ಟವಳಿಗೆ ನಾವು ಅಂಟಿಸಿದ್ದು ಈ ಹಳೆಯ ಹೆಸರನ್ನೇ. ಹೆಸರಿನೊಂದಿಗೆ ಅದರ ಸಾಮಾಜಿಕ ಸ್ಥಾನವೂ ಅಂಟಿಕೊಂಡಿತು.

ಕಂಪನಿ ಸರ್ಕಾರಕ್ಕೂ ಮೊದಲು ಬೇಕಾದದ್ದು ಹೆರಿಗೆ ಮಾಡಿಸುವವರೇ. 1854ರಲ್ಲಿ ಮದರಾಸಿನಲ್ಲಿ ಸೂಲಗಿತ್ತಿಯರ ತರಬೇತಿ ಶಾಲೆಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. 1871ರಲ್ಲಿ ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿ ಮೊದಲಾದಾಗ ಅದರ ಆರಂಭದ ಪಾಠಕ್ರಮವೂ ಹೆರಿಗೆಯದೇ ಆಗಿತ್ತು. ವೈಸ್‌ರಾಯ್ ಡಫರಿನ್ನನ ಪತ್ನಿಯ ಹೆಸರಿನಲ್ಲಿ 1885ರಲ್ಲಿ ನಿಧಿಯೊಂದು ಸ್ಥಾಪನೆಯಾಯಿತು. ಭಾರತದ ಸ್ತ್ರೀಯರಿಗೆ ವೈದ್ಯೆಯರನ್ನು ತಯಾರು ಮಾಡುವುದು, ಆಸ್ಪತ್ರೆ ಕಟ್ಟಿಸುವುದು, ನುರಿತ ನರ್ಸು ಮತ್ತು ಸೂಲಗಿತ್ತಿಯರನ್ನು ಒದಗಿಸುವುದು ಅದರ ಮೂರು ಗುರಿಗಳು. ಪರದೆಯ ಹಿಂದಿನ ಹೆಂಗಸಿಗೆ ಗಂಡು ವೈದ್ಯನ ಕೈ ತಾಕಬಾರದು ಎಂಬ ಕಟ್ಟುಪಾಡು ಹೆಣ್ಣಿಗೆ ವಿದ್ಯೆಯ ಬಾಗಿಲನ್ನು ತೆರೆದದ್ದು ಚರಿತ್ರೆಯ ವಕ್ರಗತಿಗಳಲ್ಲೊಂದು. ಆದರೆ ತೆರೆದ ಬಾಗಿಲು ಒಂದೇ ಕೋಣೆಗೆ ಒಯ್ಯುತ್ತಿತ್ತು, ಹೆರಿಗೆಯ ಕೋಣೆಗೆ.

ಇನ್ನೊಂದು ಕಡೆ ಸೈನ್ಯ. 1888ರ ಮಾರ್ಚಿನಲ್ಲಿ ಇಂಗ್ಲೆಂಡಿನಿಂದ ಹತ್ತು ಮಂದಿ ತರಬೇತಾದ ನರ್ಸುಗಳು ಮುಂಬಯಿಗೆ ಬಂದಿಳಿದರು. ಬ್ರಿಟಿಷ್ ಸೈನಿಕರ ಆಸ್ಪತ್ರೆಗಳಿಗಾಗಿ ಬಂದವರು ಅವರು. ಭಾರತೀಯ ರೋಗಿಗೆ ಅವರ ಲೆಕ್ಕದಲ್ಲಿ ಜಾಗವಿರಲಿಲ್ಲ. ಹೀಗೆ ನಮ್ಮಲ್ಲಿ ಶುಶ್ರೂಷೆಯ ಕಸುಬು ಎರಡು ತುದಿಗಳಿಂದ ಬೆಳೆಯಿತು, ಒಂದು ಬಾಣಂತಿಯಿಂದ, ಇನ್ನೊಂದು ಸಿಪಾಯಿಯಿಂದ. ನಡುವಿನ ವಿಶಾಲ ಜನಸಮುದಾಯ ಬಹುಕಾಲ ಮಿಷನ್ ಆಸ್ಪತ್ರೆಗಳಿಗೆ ಉಳಿಯಿತು.

ಇವೆಲ್ಲಕ್ಕೂ ಮಾದರಿಯಾದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನಿಧಿಯಿಂದ ತೆರೆದ ಶಾಲೆ. 1854ರಲ್ಲಿ 38 ಸ್ತ್ರೀಯರೊಂದಿಗೆ ಕ್ರೈಮಿಯಾ ಯುದ್ಧದ ಗಾಯಾಳುಗಳ ಬಳಿಗೆ ಹೋದ ಆಕೆಯ ಕಥೆ ನಮ್ಮ ಶಾಲಾ ಪಾಠಗಳಲ್ಲಿ ಉಂಟು. ಪಾಠದಲ್ಲಿಲ್ಲದ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಬೇಕು. ಒಂದು, ಆ ಶಾಲೆಯಲ್ಲಿ ತರಬೇತಿ ಮುಗಿಸಿದವಳು ಕೆಲವು ವರ್ಷಗಳ ಕಾಲ ನಿಧಿಯ ಮಂಡಳಿ ತೋರಿಸಿದ ಆಸ್ಪತ್ರೆಯಲ್ಲಿ ದುಡಿಯಬೇಕಿತ್ತು. ಎರಡು, ನರ್ಸುಗಳಿಗೆ ಸರ್ಕಾರಿ ನೋಂದಣಿ ಬೇಕೆಂಬ ಚಳವಳಿ ಎದ್ದಾಗ ನೈಟಿಂಗೇಲ್ ಅದನ್ನು ವಿರೋಧಿಸಿದರು. ಒಳ್ಳೆಯ ನರ್ಸಿನ ಶೀಲವನ್ನು ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಅವರ ವಾದ. ವಾದದಲ್ಲಿ ಸತ್ಯವಿದೆ. ಆದರೆ ಶೀಲವೇ ಅಳತೆಯಾದಾಗ ವಿದ್ಯೆ ಹಿಂದೆ ಸರಿಯುತ್ತದೆ; ವಿದ್ಯೆ ಹಿಂದೆ ಸರಿದರೆ ಆಯ್ಕೆ ಕೇಳುವ ಹಕ್ಕೂ ಹಿಂದೆ ಸರಿಯುತ್ತದೆ. ವಿಧೇಯಳಾದವಳು ಯಾವ ವಾರ್ಡು ಎಂದು ಕೇಳುವುದಿಲ್ಲ.

ಕೊನೆಗೆ 1919ರಲ್ಲಿ ಬ್ರಿಟನ್ನಿನಲ್ಲಿ ನರ್ಸುಗಳ ಕಾಯಿದೆ ಬಂದೇಬಂದಿತು. ಆ ನೋಂದಣಿ ಪುಸ್ತಕದ ವಿನ್ಯಾಸ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಅದರಲ್ಲಿ ಒಂದು ಸಾಮಾನ್ಯ ಭಾಗ, ಕೆಳಗೆ ಪೂರಕ ಭಾಗಗಳು. ಮಕ್ಕಳ ನರ್ಸುಗಳಿಗೆ ಒಂದು ಪೂರಕ ಪಟ್ಟಿ, ಮನೋರೋಗದ ನರ್ಸುಗಳಿಗೆ ಒಂದು, ಗಂಡು ನರ್ಸುಗಳಿಗೆ ಇನ್ನೊಂದು. ಗಂಡಸಾಗಿರುವುದೇ ಅಲ್ಲಿ ಒಂದು ವಿಶೇಷ ವಿಭಾಗ! ಸಾಮಾನ್ಯ ನರ್ಸು ಎಂದರೆ ಹೆಣ್ಣು, ದೇಹದ ರೋಗವನ್ನು ನೋಡುವವಳು, ಉಳಿದವರೆಲ್ಲ ಅಂಚಿನವರು. ಇಂದು ವಿಶೇಷ ತರಬೇತಿ ಎಂಬ ಮಾತಿಗೆ ಮೇಲ್ಮೆಯ ಧ್ವನಿಯಿದೆ. ಆ ಪುಸ್ತಕದಲ್ಲಿ ಅದಕ್ಕಿದ್ದದ್ದು ಹೊರಗಿಟ್ಟ ಧ್ವನಿ.

ಭಾರತದಲ್ಲಿ ನೋಂದಣಿಯ ಕಾಯಿದೆಯನ್ನು ಮೊದಲು ತಂದ ಪ್ರಾಂತ್ಯಗಳಲ್ಲಿ ಮದರಾಸು ಮುಂದಿತ್ತು, ವರ್ಷ 1926. ಮುಂಬಯಿಯದು 1935ರಲ್ಲಿ ಬಂದಿತು. ಆದರೆ ನೋಂದಾಯಿಸಿಕೊಳ್ಳುವವರು ಯಾರು? ಮುಂಬಯಿಯ ಜೆ.ಜೆ. ಆಸ್ಪತ್ರೆಗೆ 1891ರಲ್ಲಿ ತರಬೇತಿಗೆ ಬಂದ ಬಾಯಿ ಕಾಶೀಬಾಯಿ ಗಣಪತ್ ಅವರನ್ನು ಮೊದಲ ಭಾರತೀಯ ನರ್ಸ್ ಎಂದು ಕಸುಬಿನ ಚರಿತ್ರೆ ನೆನೆಯುತ್ತದೆ. ಅವರ ಹಿಂದೆ ಸಾಲುಗಟ್ಟಿ ಯಾರೂ ಬರಲಿಲ್ಲ. ಪರರ ಮಲಮೂತ್ರ, ಪರಪುರುಷನ ಮೈ, ರಾತ್ರಿಯ ದುಡಿಮೆ, ಈ ಮೂರನ್ನೂ ನಮ್ಮ ಜಾತಿವ್ಯವಸ್ಥೆ ಮೈಲಿಗೆಯ ಪಟ್ಟಿಗೆ ಸೇರಿಸಿತ್ತು. ಬಂದವರು ಹೆಚ್ಚಾಗಿ ಆಂಗ್ಲೋ ಇಂಡಿಯನ್ನರು, ಕ್ರೈಸ್ತರು, ವಿಧವೆಯರು, ಬೇರೆ ದಾರಿಯಿಲ್ಲದವರು. ಸಮಾಜ ಕೈಬಿಟ್ಟವರೇ ಸಮಾಜದ ರೋಗಿಗಳನ್ನು ಎತ್ತಿಕೊಂಡರು. ಇದನ್ನು ನಾವು ಸೇವೆ ಎಂದು ಹೊಗಳಿ, ಸಂಬಳದ ಮಾತನ್ನು ಮರೆತೆವು.

ಹೆರಿಗೆಯ ಬಳಿಕ ಕವಲೊಡೆದ ಎರಡನೆಯ ಶಾಖೆ ಸಾರ್ವಜನಿಕ ಆರೋಗ್ಯದ್ದು. ದೆಹಲಿಯಲ್ಲಿ 1918ರಲ್ಲಿ ಆರಂಭವಾಗಿ ಮುಂದೆ ಲೇಡಿ ರೀಡಿಂಗ್ ಆರೋಗ್ಯ ಶಾಲೆ ಎಂದು ಹೆಸರಾದ ಸಂಸ್ಥೆ 'ಹೆಲ್ತ್ ವಿಸಿಟರ್'ಗಳನ್ನು ತಯಾರಿಸಿತು. ಆಸ್ಪತ್ರೆಯಲ್ಲಿ ಕಾಯದೆ ಮನೆಮನೆಗೆ ಹೋಗಿ ಬಸಿರಿ, ಬಾಣಂತಿ, ಕೂಸುಗಳನ್ನು ನೋಡುವವರು ಇವರು. ನಮ್ಮ ಹಳೆಯ ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. 1930ರ ದಶಕದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವೊಂದು ನಡೆಯುತ್ತಿತ್ತು. ಮುಂದೆ ಸ್ವತಂತ್ರ ಭಾರತ ಕಟ್ಟಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೂರ್ವಜರಲ್ಲಿ ಅದೂ ಒಂದು.

ಮೂರನೆಯ ಶಾಖೆಯೇ ಕೊಪ್ಪಳದ ಹುಡುಗಿಯ ಮನಸ್ಸು ಹೋದದ್ದು. ಅದು ಹುಟ್ಟಿದ ಜಾಗ ಆಸ್ಪತ್ರೆಯೂ ಅಲ್ಲ, ಗೋಡೆ ಕಟ್ಟಿದ ಬಂದೀಖಾನೆ. ಹುಚ್ಚಾಸ್ಪತ್ರೆಗಳಲ್ಲಿ ಇದ್ದವರು ನರ್ಸುಗಳಲ್ಲ, ಕಾವಲುಗಾರರು. ಕೈಯಲ್ಲಿ ಬೀಗದ ಕೈ, ಕೆಲಸ ಹಿಡಿದಿಡುವುದು. ಆದ್ದರಿಂದ ಬೇಕಾದದ್ದು ತೋಳ್ಬಲ. "ಅಲ್ಲಿಗೆ ಗಂಡಸರು ಬೇಕು" ಎಂದು ನಾವು ಆಡಿದ ಮಾತಿನ ಮೂಲ ಟಿಪ್ಪಣಿ ಸಿಕ್ಕಿದ್ದು ಇಲ್ಲಿ. ಇಂಗ್ಲೆಂಡಿನ ಮನೋವೈದ್ಯರ ಸಂಘ 1885ರಲ್ಲಿಯೇ ಈ ಪರಿಚಾರಕರಿಗಾಗಿ ಒಂದು ಕೈಪಿಡಿ ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡತೊಡಗಿತು. ನಮ್ಮಲ್ಲಿ 1920ರ ದಶಕದಲ್ಲಿ 'ಅಸೈಲಮ್' ಎಂಬ ಫಲಕ ಇಳಿದು 'ಮೆಂಟಲ್ ಹಾಸ್ಪಿಟಲ್' ಎಂಬ ಫಲಕ ಏರಿತು. ಬೆಂಗಳೂರಿನದಕ್ಕೆ 1925ರಲ್ಲಿ ಹೊಸ ಹೆಸರು ಬಂದಿತು. ಫಲಕ ಬದಲಾದಷ್ಟು ಬೇಗ ಒಳಗಿನ ಕೆಲಸ ಬದಲಾಗಲಿಲ್ಲ.

1943ರಲ್ಲಿ ಮದರಾಸು ಸರ್ಕಾರ ಒಂದು ಸಣ್ಣ ಏರ್ಪಾಡು ಮಾಡಿತು. ಅಲ್ಲಿನ ಮನೋರೋಗ ಆಸ್ಪತ್ರೆಯಲ್ಲಿ ಮೂರು ತಿಂಗಳ ಮನೋರೋಗ ಶುಶ್ರೂಷೆಯ ತರಬೇತಿ, ಗಂಡು ವಿದ್ಯಾರ್ಥಿಗಳಿಗೆ ಮಾತ್ರ. ಕಾರಣ ಸರಳ. ನರ್ಸಿಂಗ್ ಕಲಿಯುವ ಗಂಡಸರನ್ನು ಹೆರಿಗೆ ಕೋಣೆಗೆ ಬಿಡುವಂತಿರಲಿಲ್ಲ. ಆ ಖಾಲಿ ತಿಂಗಳುಗಳನ್ನು ತುಂಬಬೇಕಿತ್ತು. ಹೆರಿಗೆಗೆ ಬದಲಾಗಿ ಮನೋರೋಗ! ಭಾರತದಲ್ಲಿ ಮನೋರೋಗ ಶುಶ್ರೂಷೆಯ ವ್ಯವಸ್ಥಿತ ಪಾಠ ಶುರುವಾದದ್ದು ರೋಗಿಯ ಅಗತ್ಯ ನೋಡಿ ಅಲ್ಲ, ಕಲಿಯುವವನ ಲಿಂಗ ನೋಡಿ. ಸರ್ಕಾರಿ ವ್ಯವಸ್ಥೆಯನ್ನು ಬಲ್ಲ ನಮಗೆ ಇದು ನಗು ತರಿಸುವುದಿಲ್ಲ. ಎಷ್ಟೋ ಒಳ್ಳೆಯ ಯೋಜನೆಗಳು ವೇಳಾಪಟ್ಟಿಯ ಬಿಡುವು ತುಂಬಲು ಹುಟ್ಟಿದ್ದನ್ನು ಕಂಡಿದ್ದೇವೆ.

ಅದೇ 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಆರೋಗ್ಯ ಸಮಿತಿಯೊಂದು ನೇಮಕವಾಯಿತು. 1946ರಲ್ಲಿ ಬಂದ ಅದರ ವರದಿಯ ಅಂಕಿಗಳು ಇಂದಿಗೂ ಎದೆ ನಡುಗಿಸುತ್ತವೆ. ಆಗಿನ ಬ್ರಿಟಿಷ್ ಭಾರತದಲ್ಲಿದ್ದ ನರ್ಸುಗಳು ಸುಮಾರು 7,000. ಎಂದರೆ 43,000 ಜನಕ್ಕೆ ಒಬ್ಬರು. ಸೂಲಗಿತ್ತಿಯರು 5,000, ಹೆಲ್ತ್ ವಿಸಿಟರ್‌ಗಳು 750. ವೈದ್ಯರು 47,500ರಷ್ಟಿದ್ದರು. ವೈದ್ಯರಿಗಿಂತ ನರ್ಸುಗಳು ಹಲವು ಪಟ್ಟು ಕಡಿಮೆಯಿದ್ದ ನಾಡು ಇದು, ಇರಬೇಕಾದದ್ದು ತಿರುಗುಮುರುಗು. ಸಮಿತಿಗಾಗಿ ದೇಶದ 19 ಮನೋರೋಗ ಆಸ್ಪತ್ರೆಗಳನ್ನು ನೋಡಿಬಂದ ಕರ್ನಲ್ ಮೂರ್ ಟೇಲರ್, ಅವುಗಳಲ್ಲಿ ಹೆಚ್ಚಿನವು ಗುಣಪಡಿಸುವುದಕ್ಕಲ್ಲ, ಕೂಡಿಹಾಕುವುದಕ್ಕೆ ಕಟ್ಟಿದವು ಎಂಬ ನಿರ್ಣಯಕ್ಕೆ ಬಂದರು. ಇಡೀ ದೇಶಕ್ಕೆ ಹಾಸಿಗೆಗಳು ಹತ್ತು ಸಾವಿರದ ಆಸುಪಾಸು.

ಆ ವರ್ಷವೇ ಎರಡು ಕಾಲೇಜುಗಳಲ್ಲಿ ನರ್ಸಿಂಗ್ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಪದವಿಯಾಯಿತು. ಒಂದು ದೆಹಲಿಯ ನರ್ಸಿಂಗ್ ಕಾಲೇಜು, ಮುಂದೆ ದೇಶದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನು ಪಡೆದದ್ದು. ಇನ್ನೊಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು. ಐಡಾ ಸ್ಕಡರ್ 1909ರಲ್ಲಿ ಅಲ್ಲಿ ನೆಟ್ಟ ನರ್ಸಿಂಗ್ ಶಾಲೆಯ ಫಲ. ಮರುವರ್ಷ, 1947ರ ಕೊನೆಯಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ಶೀಲದ ಕಸುಬು ವಿದ್ಯೆಯ ಕಸುಬಾಗಲು ನಮ್ಮಲ್ಲಿ ಹಿಡಿದ ಕಾಲ, ಮದರಾಸಿನ ಮೊದಲ ಶಾಲೆಯಿಂದ ಲೆಕ್ಕ ಹಿಡಿದರೆ, ಎಪ್ಪತ್ತೈದು ವರ್ಷ.

ಇಲ್ಲಿಂದ ಕಥೆ ಬೆಂಗಳೂರಿಗೆ ಬರುತ್ತದೆ. ಭೋರ್ ಸಮಿತಿಯ ಸಲಹೆಯ ಮೇರೆಗೆ, ಮೈಸೂರು ಸರ್ಕಾರದ ಮನೋರೋಗ ಆಸ್ಪತ್ರೆಯ ಒಡನಾಟದಲ್ಲಿ, ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಕನ್ನಡಿಗರಿಗೆ ಈ ಹೆಸರು ಗೊತ್ತು. ಆದರೆ 1956ರಲ್ಲಿ ಅಲ್ಲಿ ಸದ್ದಿಲ್ಲದೆ ನಡೆದ ಒಂದು ಆರಂಭ ಬಹಳ ಮಂದಿಗೆ ಗೊತ್ತಿಲ್ಲ. ತರಬೇತಾದ ನರ್ಸುಗಳಿಗೆ ಮನೋರೋಗ ಶುಶ್ರೂಷೆಯ ಒಂದು ವರ್ಷದ ಡಿಪ್ಲೊಮಾ ಆ ವರ್ಷ ಶುರುವಾಯಿತು. ಖಾಲಿ ತಿಂಗಳು ತುಂಬುವ ಪಾಠವಲ್ಲ ಇದು. ಸಾಮಾನ್ಯ ನರ್ಸಿಂಗ್ ಮುಗಿಸಿದವರು ಬೇಕೆಂದು ಆರಿಸಿಕೊಂಡು ಬರುವ ವಿದ್ಯೆ. ನಮ್ಮ ಕಥೆಯಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥ ಬಂದ ಸ್ಥಳಗಳಲ್ಲಿ ಇದು ಮುಖ್ಯವಾದದ್ದು.

ಆ ದಶಕದ ಮನೋರೋಗ ವಾರ್ಡಿನಲ್ಲಿ ನರ್ಸಿನ ಕೆಲಸ ಏನಿತ್ತು ಎಂದು ನೋಡಿದರೆ ತೋಳ್ಬಲದ ಮಾತು ಎಷ್ಟು ಹಳಸಲು ಎಂದು ತಿಳಿಯುತ್ತದೆ. ಮ್ಯಾನ್‌ಫ್ರೆಡ್ ಸಾಕೆಲ್ 1930ರ ದಶಕದಲ್ಲಿ ತಂದ ಇನ್ಸುಲಿನ್ ಚಿಕಿತ್ಸೆ ಆಗ ಜಗತ್ತಿನಾದ್ಯಂತ ನಡೆಯುತ್ತಿತ್ತು. ರೋಗಿಗೆ ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿಸಿ, ಎಚ್ಚರ ತಪ್ಪಿಸಿ, ನಿಗದಿತ ಹೊತ್ತಿನ ಬಳಿಕ ಮೂಗಿನ ನಳಿಕೆಯ ಮೂಲಕವೋ ರಕ್ತನಾಳದ ಮೂಲಕವೋ ಸಕ್ಕರೆಯ ದ್ರಾವಣ ಕೊಟ್ಟು ಎಬ್ಬಿಸಬೇಕು. ನಡುವೆ ಬೆವರು, ನಾಡಿ, ಉಸಿರು, ಕಣ್ಣಿನ ಪಾಪೆ ಇವನ್ನು ಮಂಚದ ಪಕ್ಕದಲ್ಲಿ ಕುಳಿತು ಕ್ಷಣಕ್ಷಣವೂ ನೋಡುತ್ತಿರಬೇಕಾದವಳು ನರ್ಸು. ಅವಳ ಕಣ್ಣು ಒಂದಿಷ್ಟು ತಪ್ಪಿದರೆ ರೋಗಿ ಏಳುತ್ತಲೇ ಇರಲಿಲ್ಲ. ಆ ಚಿಕಿತ್ಸೆ ಮುಂದೆ ನಿಷ್ಪ್ರಯೋಜಕವೆಂದು ಸಾಬೀತಾಗಿ ಮರೆಯಾಯಿತು. ಅದು ಕೆಲಸ ಮಾಡಿದಂತೆ ತೋರಿದ್ದಾದರೂ ಏತಕ್ಕೆ ಎಂಬ ಪ್ರಶ್ನೆಗೆ ಕೆಲವರು ಕೊಟ್ಟ ಉತ್ತರ ಗಮನಾರ್ಹ: ಆವರೆಗೆ ಮೂಲೆಗೆ ಬಿದ್ದಿದ್ದ ರೋಗಿಯ ಪಕ್ಕದಲ್ಲಿ ದಿನವೂ ಒಬ್ಬರು ಗಂಟೆಗಟ್ಟಲೆ ಕುಳಿತದ್ದೇ ಅರ್ಧ ಚಿಕಿತ್ಸೆಯಾಗಿತ್ತು.

1950ರ ದಶಕದಲ್ಲಿ ಕ್ಲೋರ್‌ಪ್ರೊಮಝೀನ್ ಬಂದು ವಾರ್ಡುಗಳ ಗದ್ದಲ ಇಳಿದಾಗ ಈ ಕುಳಿತುಕೊಳ್ಳುವ ಕೆಲಸಕ್ಕೆ ಹೊಸ ಅರ್ಥ ಬಂದಿತು. ರೋಗಿ ಈಗ ಮಾತನಾಡಬಲ್ಲ, ಕೇಳಿಸಿಕೊಳ್ಳುವವರು ಬೇಕು. ಆ ಕೇಳಿಸಿಕೊಳ್ಳುವುದನ್ನು ಒಂದು ಶಾಸ್ತ್ರವಾಗಿ ಬರೆದವರು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ. ನರ್ಸು ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಸಾಧನ ಎಂಬುದು ಅವರ ಪ್ರತಿಪಾದನೆ. 1948ರಲ್ಲಿಯೇ ಸಿದ್ಧವಾಗಿದ್ದ ಅವರ ಪುಸ್ತಕ ಹೊರಬಂದದ್ದು 1952ರಲ್ಲಿ. ವೈದ್ಯನೊಬ್ಬ ಸಹಲೇಖಕನಾಗಿಲ್ಲದೆ ನರ್ಸು ಒಬ್ಬಳೇ ಇಂಥ ಪುಸ್ತಕ ಬರೆಯುವುದು ಅತಿರೇಕವೆಂದು ಆಗ ತೋರಿತ್ತು.

ಇದೇ ಹೊತ್ತಿಗೆ ಐಸಿಯು ಹುಟ್ಟಿದ ಬಗೆಯನ್ನೂ ಹೇಳಬೇಕು. ಹೋಲಿಕೆಯಿಂದ ವಿಷಯ ತಿಳಿಯಾಗುತ್ತದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಪಿಡುಗು ಬಂದು ರೋಗಿಗಳು ಉಸಿರಾಡಲಾರದೆ ಸಾಯತೊಡಗಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ಗಂಟಲಿಗೆ ನಳಿಕೆ ಇಟ್ಟು ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಿಂದಲೇ ಚೀಲ ಒತ್ತಿ ಉಸಿರು ಕೊಟ್ಟರು. ಮರುವರ್ಷ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ಬಂದಿತು. 1960ರ ದಶಕದಲ್ಲಿ ಅಮೆರಿಕದ ಹೃದ್ರೋಗ ಘಟಕಗಳಲ್ಲಿ, ಎದೆಬಡಿತ ನಿಂತ ರೋಗಿಗೆ ವೈದ್ಯನಿಗಾಗಿ ಕಾಯದೆ ವಿದ್ಯುತ್ ಆಘಾತ ಕೊಡುವ ಅಧಿಕಾರ ನರ್ಸಿಗೆ ದೊರೆಯಿತು. ನಿಮಿಷಗಳ ಲೆಕ್ಕದಲ್ಲಿ ಜೀವ ಉಳಿಯುವ ಜಾಗದಲ್ಲಿ ಅಧಿಕಾರವನ್ನು ಹಂಚಿಕೊಳ್ಳದೆ ಗತಿಯಿರಲಿಲ್ಲ. ಐಸಿಯು ನರ್ಸಿನ ಇಂದಿನ ಗೌರವ ಅಲ್ಲಿಂದ ಬಂದದ್ದು. ಅವಳ ಕೆಲಸದ ಫಲ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಮನೋರೋಗದ ನರ್ಸಿನ ಕೆಲಸಕ್ಕೆ ಅಂಥ ಪರದೆಯಿಲ್ಲ. ಮೂರು ವಾರ ಮಾತಾಡದವಳು ನಾಲ್ಕನೆಯ ವಾರ ನೀರು ಕೇಳಿದಳು ಎಂಬುದನ್ನು ಯಾವ ಯಂತ್ರ ತೋರಿಸೀತು?

ಬೆಂಗಳೂರಿನ ಆರಂಭ ದೇಶದ ಪಾಠಕ್ರಮಕ್ಕೆ ಇಳಿಯಲು ಕಾಲ ಹಿಡಿಯಿತು. 1965ರಲ್ಲಿ ಪರಿಷತ್ತು ಪದವಿ ತರಗತಿಗೆ ಮನೋರೋಗ ಶುಶ್ರೂಷೆಯನ್ನು ಕಡ್ಡಾಯ ಮಾಡಿತು. ದೇಶದ ಹೆಚ್ಚಿನ ನರ್ಸುಗಳು ಓದುತ್ತಿದ್ದ ಸಾಮಾನ್ಯ ಡಿಪ್ಲೊಮಾದಲ್ಲಿ ಅದು ಸೇರಿದ್ದು 1986ರಲ್ಲಿ, ಬೆಂಗಳೂರಿನ ಮೊದಲ ತಂಡದ ಮೂವತ್ತು ವರ್ಷಗಳ ಬಳಿಕ. ಮದರಾಸು ಗಂಡುಹುಡುಗರಿಗಾಗಿ ತೆರೆದ ಪಾಠ ಹೀಗೆ ಕೊನೆಗೆ ಎಲ್ಲರದೂ ಆಯಿತು. ಇಂದು ನರ್ಸಿಂಗ್‌ನ ಎಂ.ಎಸ್ಸಿ.ಗೆ ಐದು ದಾರಿಗಳಿವೆ: ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸೆ, ಪ್ರಸೂತಿ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ. ಹಳೆಯ ಕವಲುಗಳೇ ಇವು. ಪೂರಕ ಪಟ್ಟಿಯಿಂದ ಮೇಲೆದ್ದು ಸಾಲಿನಲ್ಲಿ ಸಮನಾಗಿ ನಿಂತಿವೆ.

ಆದರೆ ಸಮನಾಗಿ ನಿಂತದ್ದು ಕಾಲೇಜಿನಲ್ಲಿ. ಆಸ್ಪತ್ರೆಯ ಕಚೇರಿಗೆ ಬಂದರೆ ಬೇರೆಯೇ ಕಥೆ. ಕೊಪ್ಪಳದ ಹುಡುಗಿ ತನ್ನ ಹಿರಿಯ ಸಹೋದ್ಯೋಗಿಯೊಬ್ಬರ ವಿಷಯ ಹೇಳಿದ್ದಳು. ಒಂದು ವರ್ಷ ರಜೆ ಪಡೆದು ಮನೋರೋಗದ ಡಿಪ್ಲೊಮಾ ಮುಗಿಸಿ ಮರಳಿದ ಅವರನ್ನು ಸುಟ್ಟಗಾಯಗಳ ವಾರ್ಡಿಗೆ ಹಾಕಿದರು. ಆರು ತಿಂಗಳ ಬಳಿಕ ಮೂಳೆ ವಿಭಾಗಕ್ಕೆ. ಪ್ರಮಾಣಪತ್ರ ಕಡತದಲ್ಲಿ ಉಳಿಯಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲವೆಂದು ನಾವು ಬಲ್ಲೆವು. ಮಂಜೂರಾದ ಹುದ್ದೆಯ ಹೆಸರು ಒಂದೇ ಇದ್ದಾಗ ಪಾಳಿಯ ಪಟ್ಟಿ ಬರೆಯುವವರಿಗೆ ಎಲ್ಲ ನರ್ಸುಗಳೂ ಒಂದೇ. ಹೃದ್ರೋಗ ವೈದ್ಯನನ್ನು ಚರ್ಮದ ವಿಭಾಗಕ್ಕೆ ಕಳಿಸುವ ಆಡಳಿತಗಾರ ಇರಲಾರ. ನರ್ಸಿನ ವಿಷಯದಲ್ಲಿ ಅದು ಸರಾಗ. 2016ರಲ್ಲಿ ಕೇಂದ್ರ ಸರ್ಕಾರ 'ಸ್ಟಾಫ್ ನರ್ಸ್' ಎಂಬ ಪದನಾಮವನ್ನು 'ನರ್ಸಿಂಗ್ ಆಫೀಸರ್' ಎಂದು ಬದಲಿಸಿತು. ಒಳ್ಳೆಯದೇ. ಆದರೆ ಫಲಕ ಬದಲಾದಷ್ಟು ಬೇಗ ಒಳಗಿನ ಕೆಲಸ ಬದಲಾಗುವುದಿಲ್ಲ ಎಂಬುದನ್ನು 1925ರ ಬೆಂಗಳೂರೇ ಹೇಳಿಕೊಟ್ಟಿದೆ.

ಕಾಯಿದೆಯೂ ಇದೇ ದ್ವಂದ್ವದಲ್ಲಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ರೋಗಿಯ ಹಕ್ಕುಗಳ ವಿಷಯದಲ್ಲಿ ಬಹಳ ಮುಂದೆ ಹೋದ ಕಾನೂನು. ಅದರಲ್ಲಿ 'ಮಾನಸಿಕ ಆರೋಗ್ಯ ನರ್ಸ್' ಎಂಬುದಕ್ಕೆ ವ್ಯಾಖ್ಯೆಯಿದೆ. ಮನೋರೋಗ ಶುಶ್ರೂಷೆಯಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರಂತೆ ಸಾಮಾನ್ಯ ನರ್ಸಿಂಗ್ ಓದಿದವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ನರ್ಸುಗಳ ಅಭಾವವಿರುವ ದೇಶದಲ್ಲಿ ಇದಕ್ಕೆ ಕಾರಣ ಹುಡುಕಬೇಕಿಲ್ಲ. ಆದರೂ ಒಂದು ವರ್ಷ ಹೆಚ್ಚು ಓದಿದವಳಿಗೂ ಓದದವಳಿಗೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲವೆಂದರೆ, ಓದಲು ಹೋಗುವವಳು ತನ್ನ ಒಳಗಿನ ಒತ್ತಾಸೆಯಿಂದಲೇ ಹೋಗಬೇಕು. 1947ರ ಕಾಯಿದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿಸೇವಾ ಆಯೋಗದ ಕಾಯಿದೆ ಬಂದಿದೆ. ಓದಿದ ವಿದ್ಯೆಗೂ ಕೂರಿಸುವ ಕುರ್ಚಿಗೂ ನಡುವೆ ಸೇತುವೆ ಕಟ್ಟಿದರೆ ಮಾತ್ರ ಹೊಸ ಕಾಯಿದೆ ಹೊಸದಾದೀತು.

ನಮ್ಮ ಸಲಹೆಗಳಿಗೆ ಈಗ ಮರಳಿ ಬರೋಣ. ಶಿಶು ವಿಭಾಗ ಹೆಣ್ಣಿಗೆ ಒಗ್ಗುತ್ತದೆ ಎಂದಾಗ ನಾವು ಡಫರಿನ್ ನಿಧಿಯ ಬಾಯಿಂದ ಮಾತನಾಡುತ್ತಿದ್ದೆವು. ಮನೋರೋಗಕ್ಕೆ ಗಂಡಸರು ಬೇಕು ಎಂದಾಗ ಬೀಗದ ಕೈ ಹಿಡಿದ ಕಾವಲುಗಾರನ ಬಾಯಿಂದ. ಐಸಿಯು ತೆಗೆದುಕೋ ಎಂದದ್ದರಲ್ಲಿ ಮಾತ್ರ ಇಂದಿನ ಲೆಕ್ಕಾಚಾರವಿತ್ತು, ಮತ್ತು ಅದು ತಪ್ಪಲ್ಲ. ಊರಿನಲ್ಲಿ ಸಾಲವಿರುವ, ತಮ್ಮಂದಿರ ಓದು ಬಾಕಿಯಿರುವ ಮನೆಯ ಮಗಳಿಗೆ ವಿದೇಶದ ಸಂಬಳವನ್ನು ತುಚ್ಛವೆಂದು ಹೇಳಲು ತಿಂಗಳ ಕೊನೆಗೆ ತಪ್ಪದೆ ಸಂಬಳ ಪಡೆಯುವ ನಮಗೆ ಅಧಿಕಾರವಿಲ್ಲ. ನಾವು ಮಾಡಿದ ತಪ್ಪು ಬೇರೆ. ಆಕೆ ಏಕೆ ಆ ವಿಭಾಗವನ್ನು ಬಯಸಿದಳು ಎಂದು ಅಲ್ಲಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ.

ಮುಂದಿನ ತಿಂಗಳ ಸಭೆಗೆ ಆಕೆ ಬಂದಾಗ ಕೇಳಿದೆವು. ವಿದ್ಯಾರ್ಥಿನಿಯಾಗಿದ್ದಾಗ ಕೆಲವು ವಾರ ಮನೋರೋಗ ಆಸ್ಪತ್ರೆಯೊಂದಕ್ಕೆ ಅವರ ತಂಡವನ್ನು ಕಳಿಸಿದ್ದರಂತೆ. ಅಲ್ಲಿ ಯಾರೊಂದಿಗೂ ಮಾತನಾಡದ ಒಬ್ಬ ಮುದುಕಿ. ಈಕೆ ದಿನವೂ ಹೋಗಿ ಪಕ್ಕದಲ್ಲಿ ಕುಳಿತು ಬರುವುದಷ್ಟೇ ಕೆಲಸ. ಕೊನೆಯ ವಾರದ ಒಂದು ದಿನ ಮುದುಕಿ ಇದ್ದಕ್ಕಿದ್ದಂತೆ, "ನಿಮ್ ಕಡೆ ಜ್ವಾಳ ಕೊಯ್ದ್ರೇನವಾ?" ಎಂದಳಂತೆ. ಈಕೆಯ ಮಾತಿನ ಧಾಟಿಯಿಂದಲೇ ಊರಿನ ಕಡೆಯನ್ನು ಗುರುತಿಸಿದ್ದಳು. "ಅವತ್ತು ನನಗೆ ಗೊತ್ತಾತು, ನನ್ನ ಕೆಲಸ ಏನಂತ" ಎಂದು ಹುಡುಗಿ ಹೇಳಿ ನಕ್ಕಳು.

'ಶುಶ್ರೂಷೆ' ಎಂಬ ಪದವನ್ನು ನಾವು ಸೇವೆ ಎಂಬ ಅರ್ಥದಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಕೇಳುವ ಇಚ್ಛೆ. ಜ್ವಾಳದ ಮಾತನ್ನು ಕೇಳಿದಾಗ ಆ ಅರ್ಥ ನಮಗೆ ನಿಘಂಟಿನಿಂದ ಎದ್ದುಬಂದಂತಾಯಿತು. ಜೊತೆಗೆ ಒಂದು ಆತಂಕವೂ ಬಂದಿತು, ಮತ್ತು ಅದು ನಮ್ಮಂಥ ಹೊರನಾಡಿನ ಕನ್ನಡಿಗರ ಆತಂಕ. ಮೂಳೆ ವಿಭಾಗದ ನರ್ಸು ಯಾವ ಊರಿನಲ್ಲಾದರೂ ಅದೇ ಮೂಳೆಯನ್ನು ನೋಡುತ್ತಾಳೆ. ಮನೋರೋಗದ ನರ್ಸಿಗೆ ಭಾಷೆಯೇ ಉಪಕರಣ. ದೆಹಲಿಯ ವಾರ್ಡಿನಲ್ಲಿ ಬಿಹಾರದ, ಹರಿಯಾಣದ, ಪಹಾಡದ ಮುದುಕಿಯರು ತಮ್ಮ ತಮ್ಮ ಜ್ವಾಳದ ಮಾತನ್ನು ಯಾವ ನುಡಿಯಲ್ಲಿ ಆಡುತ್ತಾರೋ, ಅದನ್ನು ಕೊಪ್ಪಳದ ಕಿವಿ ಹಿಡಿಯಬೇಕು. ಇದನ್ನು ಆಕೆಗೆ ಹೇಳಿದೆವು. ಆಕೆ ಯೋಚಿಸದೆ ಇರಲಿಲ್ಲ. "ಅದಕ್ಕೇ ಮೊದಲು ಹಿಂದಿ ಸರಿ ಮಾಡ್ಕೊಳಾಕತ್ತೀನಿ" ಎಂದಳು.

ಅರ್ಜಿ ಸಲ್ಲಿಸಿಯಾಗಿತ್ತು. ಮನೋರೋಗ ಶುಶ್ರೂಷೆಯ ಎದುರಿಗೇ ಗುರುತು ಹಾಕಿದ್ದಳು. ರಜೆ ಮಂಜೂರಾಗುವುದೋ, ಆದರೆ ಮರಳಿ ಬಂದ ಮೇಲೆ ಯಾವ ವಾರ್ಡು ಸಿಗುವುದೋ, ಅದನ್ನು ಬರೆಯುವ ಕೈ ನಮ್ಮಂಥದೇ ಯಾವುದೋ ಮೇಜಿನ ಮೇಲಿದೆ.